ಒಮ್ಮೆ ಬರೆದ ಲೆಕ್ಕ, ಹಲವರ ಬಳಕೆ

ಬೆಳಗಿನ ಹೊತ್ತು ಹಿರೀಸಾವೆಯಂತಹ ಊರಿನಲ್ಲಿ ಗಣಕಯಂತ್ರವನ್ನಿರಿಸಿಕೊಂಡ ಹಾಲಿನ ಸಂಘವೊಂದಿದೆಯೆಂದು ಭಾವಿಸೋಣ. ಹಾಲಿನ ಪ್ರಮಾಣವನ್ನೂ ಜಿಡ್ಡಿನ ಅಂಶವನ್ನೂ ತಿಳಿಸಿದೊಡನೆ ಯಂತ್ರವು ಸಲ್ಲತಕ್ಕ ಹಣವನ್ನು ಗುಣಿಸಿ ಚೀಟಿಯನ್ನು ಮುದ್ರಿಸುತ್ತದೆ. ಈ ಲೆಕ್ಕದ ಕ್ರಮವನ್ನು ಯಂತ್ರಕ್ಕೆ ಹಂತಹಂತವಾಗಿ ಬರೆದುಕೊಡುವವನೇ ಪ್ರೋಗ್ರಾಮರ್.

ಅದೇ ಲೆಕ್ಕ ಬೇರೆಡೆಯಲ್ಲಿಯೂ ಬೇಕಾಗಿ, ಐವರು ಪ್ರೋಗ್ರಾಮರುಗಳು ಮೊದಲಿನವನ ಬರಹವನ್ನು ನಕಲು ಮಾಡಿಕೊಂಡರೆನ್ನೋಣ. ಅಂದಿಗೆ ಶ್ರಮ ಉಳಿಯುವುದು ನಿಜ. ಆದರೆ ಪೈಸೆಯನ್ನು ಸರಿಹೊಂದಿಸುವಲ್ಲಿ ತಪ್ಪಿದ್ದಿತೆಂದು ಆರು ತಿಂಗಳ ಮೇಲೆ ಗೊತ್ತಾದರೆ? ಮೂಲವನ್ನು ತಿದ್ದಬಹುದು; ನಕಲುಗಳು ಎಲ್ಲೆಲ್ಲಿವೆಯೆಂದು ಬಲ್ಲವರಾರು? ಆದುದರಿಂದ ಅಂತಹ ಭಾಗವನ್ನು ಪ್ರತ್ಯೇಕವಾಗಿ ಬರೆದು, ಒಂದೇ ಕಡೆಯಲ್ಲಿರಿಸಿ, ಎಲ್ಲರೂ ಅದನ್ನೇ ಬಳಸುವಂತೆ ಏರ್ಪಡಿಸುತ್ತಾರೆ. ಇದಕ್ಕೆ ಉಪವಿಧಿ ಅಥವಾ ಸಬ್‌ರುಟೀನ್ ಎಂದು ಹೆಸರು.

ಈ ಉಪಾಯ ಹೊಸದೇನೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1949ರ ಮೇ ತಿಂಗಳಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರವು ಕೆಲಸಕ್ಕೆ ತೊಡಗಿದಾಗ, ವಿಲ್ಕ್ಸ್, ವೀಲರ್, ಗಿಲ್ ಎಂಬವರು ಉಪವಿಧಿಗಳ ಭಂಡಾರವನ್ನೇ ಕಟ್ಟಿದರು. ಒಂದೊಂದು ಉಪವಿಧಿಯೂ ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯ ಮೇಲಿದ್ದು, ಕಪಾಟಿನಲ್ಲಿ ಜೋಪಾನವಾಗಿರುತ್ತಿದ್ದಿತು. ಬೇಕಾದವನು ಅದರ ಪ್ರತಿಯನ್ನು ಯಂತ್ರದಿಂದಲೇ ತೆಗೆದು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದನು. 1951ರ ವೇಳೆಗೆ ಇಂತಹವು 87 ಇದ್ದವು. ಇವುಗಳನ್ನು ಬಳಸುವ ಬಗೆಯನ್ನು ಕುರಿತು ಮೂವರೂ ಸೇರಿ ಅದೇ ವರ್ಷ ಗ್ರಂಥವನ್ನೂ ಪ್ರಕಟಿಸಿದರು.

ಆದರೆ ಬಹುಕಾಲ ಸರಿಯಾಗಿ ನಡೆದ ವಿಧಿಯನ್ನು ಹೊಸ ಎಡೆಗೆ ಒಯ್ಯುವಾಗ ಅದರ ಷರತ್ತುಗಳನ್ನೂ ಒಯ್ಯಬೇಕು. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ, ನೆಲ ಬಿಟ್ಟ ಸುಮಾರು 40 ಸೆಕೆಂಡುಗಳಲ್ಲಿ, ನಾಲ್ಕು ಉಪಗ್ರಹಗಳೊಡನೆ ಸಿಡಿದುಹೋಯಿತು. ಅದರ ದಿಕ್ಕು ತಿಳಿಸುವ ಉಪಕರಣದ ಪ್ರೋಗ್ರಾಮು ಏರಿಯಾನ್-4ರಿಂದ ಬಂದುದು. ಅಡ್ಡಲಾಗಿ ಸಾಗುವ ವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು 32,767ಕ್ಕಿಂತ ದೊಡ್ಡದು ಹಿಡಿಸದ ಎಡೆಯಲ್ಲಿ ತುಂಬಬೇಕಾಗಿದ್ದಿತು. ಹಳೆಯ ರಾಕೆಟ್ಟಿನಲ್ಲಿ ಸಂಖ್ಯೆ ಅಷ್ಟು ಬೆಳೆಯುತ್ತಲೇ ಇರಲಿಲ್ಲ, ಹೊಸದರಲ್ಲಿ ಬೆಳೆಯಿತು. ಮೀಸಲು ಉಪಕರಣವೂ ಅದೇ ಪ್ರೋಗ್ರಾಮನ್ನೇ ನಡೆಸುತ್ತಿದ್ದುದರಿಂದ ಎರಡೂ ನಿಂತುಹೋದವು. ವಿಚಿತ್ರವೆಂದರೆ, ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ! (ಅದೇ ಬಗೆಯ ರಾಕೆಟ್ಟು 2003ರಲ್ಲಿ ನಮ್ಮ ಇನ್ಸಾಟ್-3ಇ ಉಪಗ್ರಹವನ್ನು ಸುರಕ್ಷಿತವಾಗಿ ಒಯ್ದಿತು; ಅಂತಹ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿಯೇ ಇದೆ.)

ಮತ್ತೆ ಹಾಲಿಗೆ ಬರೋಣ. ಹಳ್ಳಿಯಲ್ಲಿ ಹಾಲನ್ನು ಲೀಟರಿನಲ್ಲಿ ಅಳೆಯುತ್ತಾರೆ. ದೊಡ್ಡ ಡೈರಿಯಲ್ಲಿ ತೂಗುವುದುಂಟು. ನೂರು ಕಿಲೋಗ್ರಾಂ ಹಾಲೆಂದರೆ ಸುಮಾರು 97 ಲೀಟರು ಮಾತ್ರ. ಲೀಟರಿಗೆಂದು ಬರೆದ ಉಪವಿಧಿಗೆ ತೂಕವನ್ನು ಕೊಟ್ಟರೆ ಯಂತ್ರ ಎದುರಾಡದು. ಮೂರು ಲೀಟರಿನ ಹಣವನ್ನು ಸದ್ದಿಲ್ಲದೆ ಹೆಚ್ಚಾಗಿ ತೋರಿಸೀತು. ಕಚ್ಚಾ ಸೇರು ಪಕ್ಕಾ ಸೇರುಗಳ ಗೊಂದಲವನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದಕಾರಣ ಉಪವಿಧಿಯ ತಲೆಬರಹದಲ್ಲಿಯೇ ಅದು ಏನನ್ನು ಬೇಡುತ್ತದೆ, ಯಾವ ಮಿತಿಯವರೆಗೆ ಸರಿ ಎಂಬುದನ್ನು ಬರೆಯತಕ್ಕದ್ದು. ತಿದ್ದುವ ಹೊಣೆ ಗೊತ್ತಾದ ಒಬ್ಬನದಾಗಿರಬೇಕು. ಅವನು ತಿದ್ದಿದಾಗಲೆಲ್ಲ ಆವೃತ್ತಿಯ ಸಂಖ್ಯೆಯನ್ನು ಏರಿಸಿ, ಉತ್ತರ ಗೊತ್ತಿರುವ ಹಳೆಯ ಲೆಕ್ಕಗಳನ್ನು ಮತ್ತೆ ಹಾಕಿಸಿ ತಾಳೆ ನೋಡಬೇಕು. ಬೇಸರದ ಕೆಲಸವೇ ಸರಿ. ಹೆಸರಿಡುವುದರಲ್ಲಿಯೂ ಜಿಪುಣತನ ಸಲ್ಲದು: ‘ಹಾಲಿನ ಬೆಲೆ’ ಎಂಬುದಕ್ಕಿಂತ ‘ಲೀಟರಿನ ಲೆಕ್ಕದಲ್ಲಿ ಹಾಲಿನ ಬೆಲೆ’ ಎಂದಿಟ್ಟರೆ, ತೂಕವನ್ನು ಹಿಡಿದು ಬಂದವನು ಬಾಗಿಲಲ್ಲಿಯೇ ನಿಂತು ಯೋಚಿಸುತ್ತಾನೆ.