ಬಿದ್ದ ಸರ್ವರಿನ ಹೊರೆಯನ್ನು ಹೊರುವವರು ಯಾರು?

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ವೇಳೆಗೆ ಒಂದೇ ಜಾಲತಾಣವನ್ನು ತೆರೆಯುತ್ತಾರೆ. ಅವರಿಗೆ ಉತ್ತರ ಕೊಡುತ್ತಿರುವ ಸರ್ವರುಗಳಲ್ಲಿ ಒಂದು ಆ ಹೊತ್ತಿನಲ್ಲಿಯೇ ಕೆಟ್ಟು ನಿಂತರೆ ಗತಿಯೇನು? ಈ ಪ್ರಶ್ನೆಗೆ ಗಣಕವಿಜ್ಞಾನವು ಕಂಡುಕೊಂಡಿರುವ ಉತ್ತರವನ್ನು ನಾವು ಇಲ್ಲಿ ವಿಚಾರಮಾಡೋಣ.

ಸರ್ವರೆಂದರೆ ಅನೇಕರ ಕೋರಿಕೆಗಳನ್ನು ಪೂರೈಸುವ ಗಣಕಯಂತ್ರ. ಅದಕ್ಕೆ ಒಂದೇ ಕೆಲಸವನ್ನು ವಹಿಸಿದರೆ ಅನೇಕ ವೇಳೆ ಅದರ ಶಕ್ತಿಯ ಬಹುಭಾಗ ಬಳಕೆಯಾಗದೆ ಉಳಿಯುತ್ತದೆ. ಆದುದರಿಂದ ಒಂದು ನಿಜವಾದ ಯಂತ್ರದೊಳಗೆ ಹಲವು ಯಂತ್ರಗಳು ಪ್ರತ್ಯೇಕವಾಗಿ ಇರುವಂತೆ ತಂತ್ರಾಂಶದಿಂದ ಏರ್ಪಡಿಸುತ್ತಾರೆ. ಇವುಗಳಿಗೆ ವರ್ಚುಯಲ್ ಯಂತ್ರಗಳೆಂದು ಹೆಸರು. ಈ ಕಲ್ಪನೆ ಹೊಸದಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆಯು 1967ರಲ್ಲಿಯೇ ಒಂದು ಗಣಕದಲ್ಲಿ 14 ವರ್ಚುಯಲ್ ಯಂತ್ರಗಳನ್ನು ನಡೆಸುತ್ತಿತ್ತು.

ಆದರೆ ಉಳಿತಾಯದೊಡನೆ ಅಪಾಯವೂ ಬಂದಿತು. ಆಶ್ರಯ ಕೊಟ್ಟ ಸರ್ವರು ಕೆಟ್ಟರೆ ಅದರೊಳಗಿನ ಯಂತ್ರಗಳೆಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಇದನ್ನು ಎದುರಿಸಲು ಹಲವು ಸರ್ವರುಗಳನ್ನು ಒಂದು ಗುಂಪಾಗಿ ಸೇರಿಸಿ, ವರ್ಚುಯಲ್ ಯಂತ್ರಗಳ ಕಡತಗಳನ್ನು ಎಲ್ಲ ಸರ್ವರುಗಳಿಗೂ ಎಟುಕುವ ಸಂಗ್ರಹದಲ್ಲಿ ಇಡುತ್ತಾರೆ. ಈ ಗುಂಪೇ ಕ್ಲಸ್ಟರ್.

ಒಂದು ಸರ್ವರಿನ ಮೇಲೆ ಹೊರೆ ಹೆಚ್ಚಿದಾಗ, ಅಲ್ಲಿನ ವರ್ಚುಯಲ್ ಯಂತ್ರವನ್ನು ಓಡುತ್ತಿರುವಂತೆಯೇ ಇನ್ನೊಂದಕ್ಕೆ ಸಾಗಿಸಬಹುದು. ಹೇಗೆಂದರೆ, ಯಂತ್ರವು ಕೆಲಸಮಾಡುತ್ತಿರುವಾಗಲೇ ಅದರ ಸ್ಮೃತಿಯಲ್ಲಿರುವುದೆಲ್ಲವನ್ನೂ ಹೊಸ ಸ್ಥಳಕ್ಕೆ ನಕಲುಮಾಡುತ್ತಾರೆ. ಅಷ್ಟರಲ್ಲಿ ಬದಲಾದ ಭಾಗಗಳನ್ನು ಮತ್ತೆ ನಕಲುಮಾಡುತ್ತಾರೆ. ಉಳಿದುದು ತೀರ ಸ್ವಲ್ಪವಾದಾಗ ಯಂತ್ರವನ್ನು ಕ್ಷಣಮಾತ್ರ ನಿಲ್ಲಿಸಿ ಅದನ್ನೂ ಸಾಗಿಸುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈ ವಿರಾಮವು ಕೇವಲ 60 ಮಿಲಿಸೆಕೆಂಡಿನಷ್ಟಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಈ ಸಾಗಾಣಿಕೆ ಬದುಕಿರುವ ಸರ್ವರಿನಿಂದ ಮಾತ್ರ ಸಾಧ್ಯ. ಸರ್ವರು ಹಠಾತ್ತಾಗಿ ಕೆಟ್ಟರೆ ಅದರ ಸ್ಮೃತಿಯಲ್ಲಿದ್ದುದು ಅಳಿದುಹೋಗುತ್ತದೆ. ಆಗ ಸಂಗ್ರಹದಲ್ಲಿರುವ ಕಡತಗಳಿಂದ ವರ್ಚುಯಲ್ ಯಂತ್ರವನ್ನು ಬೇರೊಂದು ಸರ್ವರಿನಲ್ಲಿ ಮೊದಲಿನಿಂದ ಚಾಲೂ ಮಾಡಬೇಕು. ಸೇವೆಯು ಸ್ವಲ್ಪ ಕಾಲ ನಿಂತೇ ನಿಲ್ಲುತ್ತದೆ.

ಸರ್ವರು ಕೆಟ್ಟಿತೆಂದು ತಿಳಿಯುವ ಬಗೆ ಹೇಗೆ? ಸದಸ್ಯರು ನಾಡಿಮಿಡಿತದಂತೆ ಆಗಾಗ ಪರಸ್ಪರ ಸಂಕೇತ ಕಳುಹಿಸುತ್ತಿರುತ್ತಾರೆ. ಆದರೆ ಸಂಕೇತ ನಿಂತ ಮಾತ್ರಕ್ಕೆ ಸರ್ವರು ಸತ್ತಿತೆನ್ನಲಾಗದು. ನಡುವಣ ತಂತಿ ಕಡಿದಿರಬಹುದು. ಆಗ ಒಂದೇ ಯಂತ್ರವು ಎರಡು ಕಡೆ ಎದ್ದು, ಒಂದೇ ಕಡತದಲ್ಲಿ ಬರೆದರೆ ಅನರ್ಥವಾಗುತ್ತದೆ. ಆದಕಾರಣ ಅನೇಕ ಕ್ಲಸ್ಟರುಗಳಲ್ಲಿ ಬಹುಮತವುಳ್ಳ ಪಾಲಿಗೆ ಮಾತ್ರ ಕೆಲಸ ಮುಂದುವರಿಸುವ ಅಧಿಕಾರವಿರುತ್ತದೆ.

ಕೊನೆಯದಾಗಿ ಒಂದು ಲೆಕ್ಕ. ಸಮಾನ ಶಕ್ತಿಯ 4 ಸರ್ವರುಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದರಲ್ಲಿಯೂ ಶಕ್ತಿಯ ಶೇಕಡ 60ರಷ್ಟು ಹೊರೆಯಿದ್ದರೆ ಒಟ್ಟು 240. ಒಂದು ಬಿದ್ದರೆ ಉಳಿದ ಮೂರಕ್ಕೆ ತಲಾ 80 ಬರುತ್ತದೆ, ಕೆಲಸ ಸಾಗುತ್ತದೆ. ಪ್ರತಿಯೊಂದರಲ್ಲಿಯೂ 80 ಇದ್ದರೆ? ಒಟ್ಟು 320, ಮೂರರ ಶಕ್ತಿಯಾದರೋ 300 ಮಾತ್ರ. ಹೊರೆಯು ಎಷ್ಟೇ ಸಮನಾಗಿ ಹಂಚಿದ್ದರೂ ಬಿದ್ದವನ ಪಾಲಿಗೆ ಸ್ಥಳವಿಲ್ಲ. ಇಲ್ಲಿ ಶೇಕಡ 75 ಮಿತಿ.

ಖರ್ಚು ನೋಡುವವರಿಗೆ ಆ ಖಾಲಿ ಕಾಲುಭಾಗ ದಂಡವೆಂದು ತೋರಬಹುದು. ಅದನ್ನೂ ತುಂಬಿಬಿಟ್ಟರೆ ಫಲಿತಾಂಶದ ದಿನ ನಷ್ಟ ಅನುಭವಿಸುವವರು ಕಾಯುತ್ತಿರುವ ವಿದ್ಯಾರ್ಥಿಗಳು. ಹೊರೆಯನ್ನು ಹಂಚುವ ಜಾಣ್ಮೆಯು, ಬಿಡುವಾಗಿಟ್ಟ ಸ್ಥಳಕ್ಕೆ ಬದಲಾಗಲಾರದು.

5 ಸರ್ವರುಗಳಲ್ಲಿ 2 ಒಮ್ಮೆಗೇ ಕೆಟ್ಟರೂ ಕೆಲಸ ಸಾಗಬೇಕಾದರೆ ಪ್ರತಿಯೊಂದರ ಹೊರೆ ಎಷ್ಟನ್ನು ಮೀರಬಾರದು? ಓದುಗರು ತಾವೇ ಲೆಕ್ಕಹಾಕಿ ನೋಡಲಿ.