ತಂತ್ರಾಂಶದ ಪೊಟ್ಟಣ

ಲಿನಕ್ಸ್ ಬಳಸುವ ವಿದ್ಯಾರ್ಥಿಯೊಬ್ಬನು ತನ್ನ ಗಣಕಯಂತ್ರಕ್ಕೆ ಒಂದು ಸಾಲಿನ ಆಜ್ಞೆಯನ್ನು ಕೊಡುತ್ತಾನೆ. ಕೆಲವು ನಿಮಿಷಗಳಲ್ಲಿ, ಪತ್ರ ಬರೆಯಲೂ ಲೆಕ್ಕದ ಕೋಷ್ಟಕಗಳನ್ನು ಹಾಕಲೂ ನೆರವಾಗುವ ಲಿಬ್ರೆಆಫೀಸ್ ಎಂಬ ತಂತ್ರಾಂಶಗಳ ಸಮೂಹವು ಅಲ್ಲಿ ಬಂದು ನೆಲೆಸುತ್ತದೆ. ಅದನ್ನು ಕಳುಹಿಸಿದವರಾರೆಂಬುದನ್ನು ಅವನು ಅರಿಯನು, ಆದರೂ ನಂಬುತ್ತಾನೆ. ಈ ನಂಬಿಕೆಗೆ ಆಧಾರವೇನೆಂಬುದನ್ನು ನೋಡೋಣ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಸ್ವಯಂಸೇವಕರು ನಡೆಸುವ ಲಿನಕ್ಸ್ ವಿತರಣೆ. ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್ ಯೋಜನೆಯಿಂದ ಕವಲೊಡೆದು ಹುಟ್ಟಿತು. ಅದರ ಕರ್ತೃಗಳು ಸಿದ್ಧಪ್ರತಿಯನ್ನು ತಾವೇ ಹಂಚುವುದುಂಟು. ಆದರೆ ಡೆಬಿಯನ್ ಅದನ್ನು ಹಾಗೆಯೇ ಸ್ವೀಕರಿಸುವುದಿಲ್ಲ. ಮನುಷ್ಯನು ಓದಬಲ್ಲ ಮೂಲಸಂಕೇತವನ್ನು ತಂದು, ಅದನ್ನು ಯಂತ್ರಭಾಷೆಗೆ ತಾನೇ ಪರಿವರ್ತಿಸಿ, ಪೊಟ್ಟಣ ಕಟ್ಟಿ, ತನ್ನ ಭಂಡಾರದಲ್ಲಿಡುತ್ತದೆ.

ಇದಕ್ಕಾಗಿ ಪೊಟ್ಟಣಕಾರನು ಮೂಲಸಂಕೇತದೊಡನೆ ಕೆಲವು ಕಡತಗಳನ್ನು ಸೇರಿಸುತ್ತಾನೆ. ಮೊದಲನೆಯದರಲ್ಲಿ ಪೊಟ್ಟಣದ ಹೆಸರೂ, ಅದು ಅವಲಂಬಿಸಿರುವ ಇತರ ಪೊಟ್ಟಣಗಳ ಪಟ್ಟಿಯೂ ಇರುತ್ತವೆ. ಎರಡನೆಯದು ಕಟ್ಟುವ ಕ್ರಮವನ್ನು ಅಡುಗೆಯ ವಿಧಾನದಂತೆ ತಿಳಿಸುತ್ತದೆ. ಮೂರನೆಯದು ಹಕ್ಕುಸ್ವಾಮ್ಯ ಯಾರದು, ಪರವಾನಗಿ ಯಾವುದು ಎಂಬುದನ್ನು ದಾಖಲಿಸುತ್ತದೆ. ನಾಲ್ಕನೆಯದು ಬದಲಾವಣೆಗಳ ದಿನಚರಿ. ಬಳಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿಲ್ಲದ ತಂತ್ರಾಂಶಕ್ಕೆ ಮುಖ್ಯ ಭಂಡಾರದಲ್ಲಿ ಸ್ಥಳವಿಲ್ಲ.

ಲಿಬ್ರೆಆಫೀಸ್ ಒಂದೇ ಪೊಟ್ಟಣವಲ್ಲ. ಬರವಣಿಗೆಯ ಭಾಗ, ಲೆಕ್ಕದ ಭಾಗ, ಎಲ್ಲಕ್ಕೂ ಬೇಕಾದ ತಿರುಳು, ಇವೆಲ್ಲ ಬೇರೆ ಬೇರೆ. ಆಜ್ಞಾಪಟ್ಟಿಗಳನ್ನು ಕನ್ನಡದಲ್ಲಿ ತೋರಿಸುವ ಪೊಟ್ಟಣವೂ ಪ್ರತ್ಯೇಕವಾಗಿಯೇ ಇದೆ. ಬೇಕಾದವರು ಬೇಕಾದುದನ್ನಷ್ಟೇ ಪಡೆಯಬಹುದು. ಇನ್ನೊಂದು ಜಾಣ್ಮೆಯೂ ಇಲ್ಲಿದೆ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ತಕ್ಕ ಸ್ಥಾನದಲ್ಲಿ ಕೂರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶದ ಪ್ರತಿಯನ್ನು ಲಿಬ್ರೆಆಫೀಸಿನೊಳಗೆ ತುಂಬುವುದಿಲ್ಲ. ಗಣಕದಲ್ಲಿರುವ ಒಂದೇ ಪ್ರತಿಯನ್ನು ಅನೇಕ ತಂತ್ರಾಂಶಗಳು ಹಂಚಿಕೊಳ್ಳುತ್ತವೆ. ಅದರಲ್ಲಿ ದೋಷ ಕಂಡರೆ ಒಂದು ಕಡೆ ತಿದ್ದಿದರೆ ಸಾಕು.

ಸಿದ್ಧವಾದ ಪೊಟ್ಟಣವು ಮೊದಲು ‘ಅಸ್ಥಿರ’ ಶಾಖೆಯನ್ನು ಸೇರುತ್ತದೆ. ಕೆಲವು ದಿನಗಳಲ್ಲಿ ಗಂಭೀರ ದೋಷ ಕಾಣದಿದ್ದರೆ ‘ಪರೀಕ್ಷಾ’ ಶಾಖೆಗೆ ಹೋಗುತ್ತದೆ. ಆ ಶಾಖೆಯೇ ಮುಂದೆ ಪಕ್ವಗೊಂಡು ‘ಸ್ಥಿರ’ ಆವೃತ್ತಿಯಾಗಿ ಹೊರಬರುತ್ತದೆ. ಭಂಡಾರದ ಸೂಚಿಗೆ ಗೂಢಲಿಪಿಯ ಸಹಿ ಇರುತ್ತದೆ. ದಾರಿಯಲ್ಲಿ ಯಾರಾದರೂ ಪೊಟ್ಟಣವನ್ನು ಬದಲಿಸಿದರೆ, ಸೂಚಿಯಲ್ಲಿರುವ ಅಂಕಮುದ್ರೆಗೆ ಅದು ಹೊಂದುವುದಿಲ್ಲ. ಗಣಕವು ಅದನ್ನು ತಿರಸ್ಕರಿಸುತ್ತದೆ.

ಹಾಗಾದರೆ ಮೋಸಕ್ಕೆ ಎಡೆಯೇ ಇಲ್ಲವೆ? ಇದೆ. 2024ರ ಮಾರ್ಚ್ ತಿಂಗಳಲ್ಲಿ, ದತ್ತಾಂಶವನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಎರಡು ಆವೃತ್ತಿಗಳಲ್ಲಿ ಗುಪ್ತದ್ವಾರವೊಂದು ಪತ್ತೆಯಾಯಿತು. ವಿಷವು ದಾರಿಯಲ್ಲಿ ಬೆರೆತುದಲ್ಲ. ಮೂಲದವರು ಪ್ರಕಟಿಸಿದ ಕಟ್ಟಿನಲ್ಲೇ ಅಡಗಿತ್ತು. ಆದುದರಿಂದ ಸಹಿಯು ಅದನ್ನು ಹಿಡಿಯಲಾರದಾಯಿತು. ಡೆಬಿಯನ್ನಿನ ಅಸ್ಥಿರ ಶಾಖೆಯನ್ನು ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನು, ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ ಹೋದನು. ಗುಟ್ಟು ಬಯಲಾಯಿತು. ದೂಷಿತ ಆವೃತ್ತಿಯು ಪರೀಕ್ಷಾ ಶಾಖೆಯವರೆಗೆ ಬಂದಿತ್ತು. ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ.

ಸ್ಥಿರ ಆವೃತ್ತಿಯಲ್ಲಿ ಹೊಸ ಸೌಕರ್ಯಗಳು ತಡವಾಗಿ ಬರುತ್ತವೆಂದು ಗೊಣಗುವವರುಂಟು. ಆ ತಡವು ಆಲಸ್ಯದ ಫಲವಲ್ಲ. ಹಲವರ ಕಣ್ಣು ಬೀಳಲೆಂದು ಬುದ್ಧಿಪೂರ್ವಕವಾಗಿ ಬಿಟ್ಟ ಅವಕಾಶ. ಸಹಿಯು ಪೊಟ್ಟಣ ಎಲ್ಲಿಂದ ಬಂತೆಂಬುದನ್ನು ಹೇಳಬಲ್ಲದು. ಒಳಗಿರುವುದು ಒಳ್ಳೆಯದೇ ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲವನು ಮೂಲಸಂಕೇತವನ್ನು ಬಿಚ್ಚಿ ಓದಿ, ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೂ ಕಾರಣ ಕೇಳುವ ಮನುಷ್ಯನೇ.