ಬಿಡದ ಜ್ವರಕ್ಕೂ ಉಡದಾರಕ್ಕೂ ಏನು ಸಂಬಂಧ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಮೂರು ವಾರಗಳಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಊರಲ್ಲಿ ಸಲಾಯಿನ್ ಹಚ್ಚಿಸಿದೆವು, ರಕ್ತ, ಮೂತ್ರ, ಎಕ್ಸ್‌ರೇ ಎಲ್ಲ ಮಾಡಿಸಿದೆವು. ಎಲ್ಲದರಲ್ಲೂ ‘ನಾರ್ಮಲ್’. ಕೊನೆಗೆ ಹುಬ್ಬಳ್ಳಿಗೆ ಕರೆದೊಯ್ದಾಗ ಅಲ್ಲಿನ ವೈದ್ಯರು ಅಂಗಿ-ಧೋತರ ತೆಗೆಸಿ, ಬಗಲು ನೋಡಿದರು, ಉಡದಾರ ಸರಿಸಿ ನೋಡಿದರು, ಬೆನ್ನು ಕುಟ್ಟಿದರು, ‘ಕುರಿ ಸಾಕಿದ್ದೀರಾ?’ ಎಂದು ಕೇಳಿದರು. ಮರುದಿನವೂ ಅದನ್ನೇ ಮಾಡಿದರು. ಇಷ್ಟೊಂದು ಯಂತ್ರಗಳಿರುವಾಗ ಇದೆಲ್ಲ ಏಕೆ?
– ಓದುಗರೊಬ್ಬರು, ಬೈಲಹೊಂಗಲ ತಾಲೂಕು

ಉತ್ತರ: ಪ್ರಯೋಗಾಲಯಕ್ಕೆ ಹೋದ ರಕ್ತ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಚೀಟಿಯಲ್ಲಿ ಮಲೇರಿಯಾ, ಡೆಂಗಿ, ವಿಡಾಲ್ ಎಂದು ಬರೆದಿದ್ದರೆ ಆ ಮೂರನ್ನೇ ನೋಡುತ್ತಾರೆ. ನಾಲ್ಕನೆಯ ಕಾಯಿಲೆಯೊಂದು ಅದೇ ಸೀಸೆಯಲ್ಲಿದ್ದರೂ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಆ ನಾಲ್ಕನೆಯದನ್ನೂ ಕೇಳಬೇಕು ಎಂದು ವೈದ್ಯರಿಗೆ ಹೊಳೆಯುವುದು ರೋಗಿಯ ಮೈಯನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿದಾಗ, ಅವರ ದಿನಚರಿ ವಿಚಾರಿಸಿದಾಗ.

ಉಡದಾರದಿಂದಲೇ ಶುರು ಮಾಡೋಣ. ಮಳೆಗಾಲದಲ್ಲೂ ಅದು ಮುಗಿದ ಮೇಲಿನ ತಿಂಗಳುಗಳಲ್ಲೂ ಹೆಚ್ಚಾಗಿ ಕಾಣುವ ಜ್ವರ ಸ್ಕ್ರಬ್ ಟೈಫಸ್. ಬದುವಿನ ಹುಲ್ಲು, ಪೊದೆಗಳಲ್ಲಿರುವ ನುಸಿಯ ಮರಿಗಳಿಂದ ಇದು ಹರಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಮರಿ ಮೈಮೇಲೆ ಹತ್ತಿ, ಬಟ್ಟೆ ಬಿಗಿಯಾಗಿರುವಲ್ಲಿ, ಚರ್ಮ ಮೆತ್ತಗಿರುವಲ್ಲಿ ಕಚ್ಚಿ ಕೂರುತ್ತದೆ. ಬಗಲು, ಸೊಂಟ, ತೊಡೆಸಂದು, ಮೊಣಕಾಲಿನ ಹಿಂಭಾಗ, ಹೆಂಗಸರಲ್ಲಿ ಎದೆಯ ಕೆಳಗಿನ ಮಡಿಕೆ ಮತ್ತು ಲಂಗದ ಲಾಡಿ ಕಟ್ಟುವ ಜಾಗ ಅದಕ್ಕೆ ಇಷ್ಟ. ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಕಟ್ಟುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ರೋಗಿಗೇ ಅದು ಗೊತ್ತಿರುವುದಿಲ್ಲ. ಎಲ್ಲ ರೋಗಿಗಳಲ್ಲೂ ಈ ಗುರುತು ಇರುವುದಿಲ್ಲ. ಆದರೆ ಸಿಕ್ಕಿತೆಂದರೆ ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡಬಹುದು. ಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಸೆಫಲೋಸ್ಪೋರಿನ್ ಇಂಜೆಕ್ಷನ್‌ಗಳಿಗೆ ಈ ರೋಗಾಣು ಬಗ್ಗುವುದಿಲ್ಲ. ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಗುಳಿಗೆಗೆ ಬಗ್ಗುತ್ತದೆ, ಎಷ್ಟೋ ರೋಗಿಗಳಲ್ಲಿ ಎರಡು ದಿನಕ್ಕೆ ಜ್ವರ ಇಳಿಯುತ್ತದೆ. ತಡವಾದರೆ ಪುಪ್ಪುಸ, ಮೂತ್ರಪಿಂಡ, ಮೆದುಳಿಗೆ ಏರಿ ಜೀವಕ್ಕೇ ಕುತ್ತು ತರುವ ಕಾಯಿಲೆಯಿದು.

ಇನ್ನು ಕುರಿಯ ಪ್ರಶ್ನೆ. ಸವದತ್ತಿ, ರಾಮದುರ್ಗದ ಕಡೆ ಕುರಿ ಹಿಂಡುಗಳು ಎಷ್ಟಿವೆ, ಹೊಲದಲ್ಲಿ ಕುರಿ ತರುಬುವ ಪದ್ಧತಿ ಹೇಗಿದೆ ಎಂಬುದು ನಿಮಗೆ ಗೊತ್ತೇ ಇದೆ. ಕುರಿ, ಆಡು, ಆಕಳು, ಎಮ್ಮೆಗಳು ಕಂದು ಹಾಕಲು ಕಾರಣವಾಗುವ ರೋಗಗಳಲ್ಲಿ ಬ್ರೂಸೆಲ್ಲೋಸಿಸ್ ಒಂದು. ಕಾಯಿಸದ ಹಾಲಿನಿಂದ, ಕಂದು ಹಾಕಿದ ಪ್ರಾಣಿಯ ಮಾಸವನ್ನು ಬರಿಗೈಯಲ್ಲಿ ಎತ್ತುವುದರಿಂದ ಅದು ಮನುಷ್ಯರಿಗೂ ಬರುತ್ತದೆ. ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದ. ಅದು ಆಡಿನ ಹಾಲಿನಿಂದ ಬರುತ್ತದೆಂದು ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ಈ ಕಾಯಿಲೆ ನಮಗೆ ದೂರದ್ದಲ್ಲ: ವಿಜಯಪುರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ಆ ಭಾಗದ ಮಕ್ಕಳಲ್ಲೂ ದೊಡ್ಡವರಲ್ಲೂ ಇದನ್ನು ಗುರುತಿಸಿ, 2000ರ ದಶಕದಲ್ಲಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಜ್ವರ ಏರಿಳಿಯುತ್ತದೆ, ರಾತ್ರಿ ಬೆವರು ಸುರಿಯುತ್ತದೆ, ಬೆನ್ನು ಮತ್ತು ಕೀಲು ಹಿಡಿಯುತ್ತವೆ. ವೈದ್ಯರು ಬೆನ್ನೆಲುಬಿನ ಮಣಿಗಳನ್ನು ಒಂದೊಂದಾಗಿ ಕುಟ್ಟಿದ್ದು ನೋವು ಎಲ್ಲಿದೆ ಎಂದು ಹುಡುಕಲು. ಬ್ರೂಸೆಲ್ಲೋಸಿಸ್ ಮತ್ತು ಕ್ಷಯ ಎರಡೂ ಅಲ್ಲಿ ಅಡಗಿ ಕೂರಬಲ್ಲವು. ಗಂಡಸರಲ್ಲಿ ಬ್ರೂಸೆಲ್ಲೋಸಿಸ್‌ನಿಂದ ವೃಷಣ ಬಾಯುವುದೂ ಉಂಟು. ಧೋತರ ತೆಗೆಸಿದ್ದಕ್ಕೆ ಅದೂ ಒಂದು ಕಾರಣ.

ಕೈ ಹಿಡಿದು ನಾಡಿ ಎಣಿಸುವುದರಲ್ಲೂ ಲೆಕ್ಕವಿದೆ. ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಹೆಚ್ಚಬೇಕು. ಜ್ವರ 103 ಇದ್ದರೂ ನಾಡಿ 80ರ ಆಸುಪಾಸಿನಲ್ಲೇ ಇದ್ದರೆ ಟೈಫಾಯ್ಡ್ ನೆನಪಾಗಬೇಕು. ವಿಡಾಲ್ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದು. ಹಿಂದೆಂದೋ ಬಂದು ಹೋದ ಸೋಂಕಿನಿಂದಲೂ ಹಾಗೆ ಬರುತ್ತದೆ. ಆಂಟಿಬಯಾಟಿಕ್ ಕೊಡುವ ಮೊದಲೇ ಮಾಡಿಸಿದ ರಕ್ತದ ಕಲ್ಚರ್ ಹೆಚ್ಚು ನಂಬಿಕೆಗೆ ಯೋಗ್ಯ. ಕೊರಳಲ್ಲಿ ಗಂಟು ಸಿಕ್ಕರೆ ಕ್ಷಯ ಅಥವಾ ಲಿಂಫೋಮಾ, ಎದೆಬಡಿತದಲ್ಲಿ ಹೊಸ ಮರ್ಮರ, ಉಗುರಿನಡಿ ಕೆಂಪು ಗೀರು ಕಂಡರೆ ಹೃದಯದ ಕವಾಟದ ಸೋಂಕು, ಕಣ್ಣು ಕೆಂಪಾಗಿ ಮೀನಖಂಡ ಒತ್ತಿದರೆ ನೋವಾದರೆ ಇಲಿಜ್ವರ ಇದೆಯೇ ಎಂದು ಹುಡುಕುತ್ತಾರೆ. ಕಿತ್ತೂರಿನ ಕಡೆ ಭತ್ತದ ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಈ ಕೊನೆಯದನ್ನು ಕೇಳಲೇಬೇಕು.

ಮರುದಿನ ಮತ್ತೆ ನೋಡಿದ್ದು ಏಕೆ? ಮೈ ದಿನಕ್ಕೊಂದು ಸುಳಿವು ಕೊಡುತ್ತದೆ. ನಿನ್ನೆ ಕೈಗೆ ಸಿಗದ ಗುಲ್ಮ ಇಂದು ಪಕ್ಕೆಯ ಕೆಳಗೆ ತಾಗಬಹುದು. ಸ್ಟಿಲ್ಸ್ ಕಾಯಿಲೆ ಎಂಬ ಕೀಲುರೋಗದಲ್ಲಿ ತಿಳಿಗೆಂಪು ದದ್ದು ಸಂಜೆ ಜ್ವರದ ಜೊತೆ ಎದ್ದು, ಜ್ವರ ಇಳಿದೊಡನೆ ಮಾಯವಾಗುತ್ತದೆ. ಬೆಳಗ್ಗೆ ಮಾತ್ರ ನೋಡಿದವರಿಗೆ ಅದು ಕಾಣದು. ಮೂರು ವಾರ ಮೀರಿದ, 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಮತ್ತೆ ಮತ್ತೆ ಏರುವ, ಆಸ್ಪತ್ರೆಯಲ್ಲಿ ಒಂದು ವಾರ ತಪಾಸಣೆ ಮಾಡಿದರೂ ಕಾರಣ ತಿಳಿಯದ ಜ್ವರಕ್ಕೆ ‘ಕಾರಣ ತಿಳಿಯದ ಜ್ವರ’ ಎಂದು ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ವೈದ್ಯರು 1961ರಲ್ಲಿ ಹೆಸರಿಟ್ಟರು. ಇಂಥ ಜ್ವರದಲ್ಲಿ ದಿನವೂ ಹೊಸದಾಗಿ ನೋಡುವುದು ಇಂದಿಗೂ ವೈದ್ಯರು ಪಾಲಿಸುವ ನಿಯಮ.

ನೀವು ಮಾಡಬೇಕಾದದ್ದೂ ಇದೆ. ‘ಒಳಜ್ವರ’ ಎಂದು ಸುಮ್ಮನಾಗದೆ ಥರ್ಮಾಮೀಟರ್ ಇಟ್ಟು ದಿನಕ್ಕೆ ನಾಲ್ಕು ಸಲ ನೋಡಿ, ವೇಳೆಯ ಸಮೇತ ಬರೆದಿಡಿ. ಈವರೆಗೆ ತೆಗೆದುಕೊಂಡ ಗುಳಿಗೆ, ಇಂಜೆಕ್ಷನ್‌ಗಳ ಚೀಟಿ ಎಸೆಯಬೇಡಿ. ಎಲ್ಲಮ್ಮನ ಗುಡ್ಡಕ್ಕೋ ಬೇರೆ ಊರಿಗೋ ಹೋಗಿ ಬಂದಿದ್ದರೆ, ಕುರಿ ಕಂದು ಹಾಕಿದ್ದರೆ, ಕೇಳದಿದ್ದರೂ ಹೇಳಿ. ಮನೆಯ ಹೆಣ್ಣುಮಕ್ಕಳಿಗೆ ಇಂಥ ಜ್ವರ ಬಂದಾಗ ಸಂಕೋಚದಿಂದ ತಪಾಸಣೆ ಅರ್ಧಕ್ಕೇ ನಿಲ್ಲುವುದುಂಟು. ನರ್ಸಮ್ಮ ಅಥವಾ ಮನೆಯವರು ಜೊತೆಗಿರಲಿ ಎಂದು ಕೇಳುವ ಹಕ್ಕು ಅವರಿಗಿದೆ. ಉಸಿರಾಟ ಕಷ್ಟವಾದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ, ರಕ್ತ ಸೋರಿದರೆ ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಹೊರಡಿ.

ತಂದೆಯವರಿಗೆ ಬ್ರೂಸೆಲ್ಲೋಸಿಸ್ ಎಂದು ಖಚಿತವಾದರೆ ಔಷಧಿಯನ್ನು ಸಾಮಾನ್ಯವಾಗಿ ಆರು ವಾರ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಅದು ಮರಳುತ್ತದೆ. ಆಗ ಕುರಿಗಳನ್ನು ಪಶುವೈದ್ಯರಿಗೂ ತೋರಿಸಿ. ಅದೇ ಹಾಲು ಕುಡಿದ ಮನೆಮಂದಿಯೂ ತಪಾಸಣೆ ಮಾಡಿಸಿಕೊಳ್ಳಲಿ.